ಸಂಜೆ ಏಳಕ್ಕೆ ಎಲ್ಲಿ ಕೂರುವುದು?

ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮ ಊರುಗಳಲ್ಲಿ ಒಂದು ಅಚ್ಚರಿ ನಡೆಯುತ್ತದೆ. ವರ್ಷವಿಡೀ ಬಾರಿನ ಬಾಗಿಲಲ್ಲೇ ಕಾಣಿಸುತ್ತಿದ್ದ ಮನುಷ್ಯ ಒಂದು ಬೆಳಿಗ್ಗೆ ಕೊರಳಿಗೆ ಮಾಲೆ ಹಾಕಿಕೊಂಡು, ಕಪ್ಪು ಪಂಚೆ ಉಟ್ಟು, ಬರಿಗಾಲಲ್ಲಿ ಹೊರಡುತ್ತಾನೆ. ನಸುಕಿನಲ್ಲಿ ತಣ್ಣೀರು ಸ್ನಾನ, ತಾನೇ ಬೇಯಿಸಿಕೊಂಡ ಊಟ, ಚಾಪೆಯ ಮೇಲೆ ನಿದ್ದೆ. ನಿನ್ನೆಯವರೆಗೆ 'ಲೇ' ಎಂದು ಕರೆಯುತ್ತಿದ್ದವರೂ 'ಸ್ವಾಮಿ' ಎನ್ನುತ್ತಾರೆ. 41 ದಿನ, ಕೆಲವರು 48 ದಿನ, ಒಂದು ಹನಿ ಮುಟ್ಟುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೆ, ಎಷ್ಟೋ ಸಲ ವಾರ ತುಂಬುವುದರೊಳಗೆ, ಮತ್ತೆ ಅದೇ ಬಾರಿನ ಬಾಗಿಲು. ಊರಿನವರು 'ನಾಯಿ ಬಾಲ ಡೊಂಕು' ಎಂದುಬಿಡುತ್ತಾರೆ. ಮನೆಯವರು ಏನೂ ಅನ್ನುವುದಿಲ್ಲ, ಅವರಿಗೆ ಮಾತೇ ಹೊರಡುವುದಿಲ್ಲ.

ನನಗೆ ಆ 41 ದಿನಗಳಲ್ಲಿ ಬೇರೆಯೇ ಸಂಗತಿ ಕಾಣುತ್ತದೆ. ಇವನ ಕೈಲಿ ಆಗದು ಎಂದು ಹೆಂಡತಿ, ತಾಯಿ, ಕೊನೆಗೆ ಅವನೂ ನಂಬಿಬಿಟ್ಟಿದ್ದ ಕೆಲಸವನ್ನು ಅವನು ಮಾಡಿ ತೋರಿಸಿದ್ದಾನೆ. ಅವನನ್ನು ಅಷ್ಟು ದಿನ ಹಿಡಿದು ನಿಲ್ಲಿಸಿದ್ದು ಏನು? ವ್ರತದ ಭಯಭಕ್ತಿ ಖಂಡಿತ ಇತ್ತು. ಅದರ ಜೊತೆಗೆ, ಸಂಜೆಯಾದರೆ ಹೋಗಿ ಕೂರಲು ಒಂದು ಚಪ್ಪರವಿತ್ತು. ಅಲ್ಲಿ ತನ್ನ ಹಾಗೆಯೇ ಮಾಲೆ ಹಾಕಿದ ಹತ್ತಾರು ಜನ, ಭಜನೆ, ಒಂದೇ ಸಾಲಿನಲ್ಲಿ ಕೂತು ತಿನ್ನುವ ಪ್ರಸಾದ. ಒಂದು ಸಂಜೆ ಕಾಣಿಸದಿದ್ದರೆ ಗುರುಸ್ವಾಮಿ ಯಾರನ್ನಾದರೂ ಮನೆಗೆ ಕಳಿಸಿ 'ಯಾಕೆ ಬರಲಿಲ್ಲ' ಎಂದು ವಿಚಾರಿಸುತ್ತಿದ್ದರು. ಯಾತ್ರೆ ಮುಗಿದ ಮೇಲೆ ಆ ಚಪ್ಪರವನ್ನೂ ಬಿಚ್ಚುತ್ತಾರೆ. ಆಮೇಲಿನ ಸಂಜೆ ಏಳು ಗಂಟೆಗೆ ಅವನನ್ನು 'ಬಾ, ಕೂತ್ಕೋ' ಎನ್ನುವ ಜಾಗ ಊರಲ್ಲಿ ಒಂದೇ ಉಳಿದಿರುತ್ತದೆ.

ಕುಡಿತದ ಬಗ್ಗೆ ನಾವು ಆಡುವ ಮಾತೆಲ್ಲ 'ಬಿಡುವ' ದಿನದ ಸುತ್ತಲೇ ಸುತ್ತುತ್ತದೆ. ಮಗುವಿನ ತಲೆ ಮುಟ್ಟಿ ಆಣೆ ಮಾಡಿಸುತ್ತೇವೆ, ದೇವರ ಮುಂದೆ ಪ್ರಮಾಣ ಮಾಡಿಸುತ್ತೇವೆ, ಸಾಲ ಮಾಡಿಯಾದರೂ ಆಸ್ಪತ್ರೆಗೆ ಸೇರಿಸುತ್ತೇವೆ. ಬಿಟ್ಟ ಮೇಲೆ ಬರುವ ಸಂಜೆಗಳ ಲೆಕ್ಕ ಹಾಕುವವರು ಕಡಿಮೆ. ಬಿಡುವುದು ಕೆಲವು ದಿನಗಳ ಕೆಲಸ, ಬಿಟ್ಟಿರುವುದು ಉಳಿದ ಆಯುಷ್ಯದ ಕೆಲಸ. ಅದನ್ನು ಒಬ್ಬನೇ ಮಾಡು ಎಂದು ಹೇಳಿ ನಾವೆಲ್ಲ ದೂರ ನಿಂತು ನೋಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅದಕ್ಕೇ ಈ ಅಂಕಣ. ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರು, ಅವರ ಮನೆಯವರು, ಮೊದಲು ಹುಡುಕಬೇಕಾದದ್ದು ಹತ್ತಿರದ ಒಂದು ಕೂಟವನ್ನು. ನಡೆದು ಹೋಗುವಷ್ಟು ಹತ್ತಿರ, ಅಥವಾ ಒಂದು ಬಸ್ಸಿನ ದೂರದಲ್ಲಿ.

ಅದಕ್ಕೂ ಮೊದಲು ಜೀವಕ್ಕೆ ಸಂಬಂಧಿಸಿದ ಒಂದು ಮಾತು. ಹಲವು ವರ್ಷ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ದೇಹ ತಿರುಗಿಬೀಳುತ್ತದೆ. ಕೊನೆಯ ಗುಟುಕಿನ ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಕೇಳುವುದು, ತಾನೆಲ್ಲಿದ್ದೇನೆಂಬ ಅರಿವೇ ತಪ್ಪುವುದು ಉಂಟು. ಇದನ್ನು 'ಗಾಳಿ ಮೆಟ್ಟಿದೆ' ಎಂದು ಮನೆಯಲ್ಲೇ ಕೂರಿಸಿಕೊಂಡರೆ ಪ್ರಾಣಕ್ಕೇ ಎರವಾಗಬಹುದು. 2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಮುಚ್ಚಿದಾಗ ಹೀಗೆ ಒದ್ದಾಡಿ ಆಸ್ಪತ್ರೆ ಸೇರಿದವರನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಮೊದಲ ವಾರ ವೈದ್ಯರ ಕೈಯಲ್ಲಿರಬೇಕು. ನಡುಕ ತಗ್ಗಿಸುವ ಮಾತ್ರೆ, ಬಿ1 ವಿಟಮಿನ್ನಿನ ಇಂಜೆಕ್ಷನ್ ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುವ ಚಿಕಿತ್ಸೆಯೇ.

'ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ' ಎಂದು ಗೋಡೆ, ಕಂಬಗಳ ಮೇಲೆ ಅಂಟಿಸಿದ ಚೀಟಿಗಳನ್ನು ದಯವಿಟ್ಟು ನಂಬಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆಯೊಂದಿದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿಯೇ ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ನುಂಗಬೇಕಾದ ಔಷಧ ಅದು. ಸಾರಿನಲ್ಲಿ, ಕಾಫಿಯಲ್ಲಿ ಕದ್ದು ಬೆರೆಸಿದರೆ, ತಿಳಿಯದೆ ಕುಡಿದವನ ಹೃದಯ ನಿಂತುಹೋಗಬಹುದು. ಗಂಡನನ್ನು ಉಳಿಸಿಕೊಳ್ಳಬೇಕೆಂಬ ಒಂದೇ ಆಸೆಯಿಂದ ಹೆಣ್ಣುಮಕ್ಕಳು ಇದಕ್ಕೆ ಕೈಹಾಕುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಿಗೆ ಬೇರೆ ದಾರಿ ತೋರಿಸಿದವರು ಯಾರು?

ಹತ್ತಿರದ ಕೂಟ ಹುಡುಕುವ ಕೆಲಸಕ್ಕೆ ಒಂದು ಹಳೆಯ ಕಥೆಯಿದೆ. 1935ರ ಮೇ ತಿಂಗಳು, ಅಮೆರಿಕದ ಓಹಾಯೊ ರಾಜ್ಯದ ಆ್ಯಕ್ರನ್, ಟೈರ್ ತಯಾರಿಸುವ ಊರು. ನ್ಯೂಯಾರ್ಕಿನಿಂದ ವ್ಯವಹಾರಕ್ಕೆಂದು ಬಂದಿದ್ದ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯನ ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು ಅಷ್ಟೇ. ಶನಿವಾರದ ಹೊತ್ತು, ಮೇಫ್ಲವರ್ ಹೋಟೆಲಿನ ಮೊಗಸಾಲೆ. ಒಂದು ತುದಿಯಲ್ಲಿ ಬಾರು, ಅಲ್ಲಿಂದ ನಗು, ಮಾತು, ಗ್ಲಾಸಿನ ಸದ್ದು. ಇನ್ನೊಂದು ತುದಿಯಲ್ಲಿ ಊರಿನ ಚರ್ಚುಗಳ ವಿಳಾಸ ಬರೆದ ಪಟ್ಟಿ, ಪಕ್ಕದಲ್ಲಿ ಟೆಲಿಫೋನು. ಅವನು ಫೋನಿನ ಕಡೆ ನಡೆದ. ಪಾದ್ರಿಯೊಬ್ಬರಿಗೆ ಕರೆ ಮಾಡಿ ಅವನು ಕೇಳಿದ್ದು ಉಪದೇಶವನ್ನಲ್ಲ. ನಾನೊಬ್ಬ ಕುಡುಕ, ಮಾತಾಡಲು ನನಗೆ ಇನ್ನೊಬ್ಬ ಕುಡುಕ ಬೇಕು, ಈ ಊರಲ್ಲಿ ಯಾರಿದ್ದಾರೆ ಎಂದು. ಅವರು ಕೊಟ್ಟ ಹೆಸರುಗಳನ್ನು ಹಿಡಿದು ಒಂದೊಂದಾಗಿ ಕರೆ ಮಾಡುತ್ತ ಹೋಗಿ, ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯವರೆಗೆ ಬಂದ. ಆಕೆಗೆ ಅಂಥ ಒಬ್ಬರು ಗೊತ್ತಿದ್ದರು: ಕೈ ನಡುಗುತ್ತಿದ್ದ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್.

ಮರುದಿನ, ಮೇ 12ರ ಭಾನುವಾರ ಸಂಜೆ, ಆಕೆಯ ಮನೆಯಲ್ಲಿ ಇಬ್ಬರೂ ಭೇಟಿಯಾದರು. ಹಿಂದಿನ ದಿನದ ಅಮಲು ಇನ್ನೂ ಇಳಿಯದ ಡಾಕ್ಟರು ಹದಿನೈದು ನಿಮಿಷಕ್ಕೆ ಎಂದು ಹೆಂಡತಿಗೆ ಮೊದಲೇ ಹೇಳಿಕೊಂಡು ಬಂದಿದ್ದರು. ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಡಾಕ್ಟರಿಗೆ ಕುಡಿತದ ಕೇಡು ತಿಳಿಯದ್ದೇನಲ್ಲ. ಅದನ್ನು ಅವರಿಗೆ ಹೇಳಿದವರೂ ಬೇಕಾದಷ್ಟು ಜನ. ಸ್ವಂತ ಕುಡಿತದ ಅನುಭವವನ್ನೇ ತಮ್ಮ ಮುಂದೆ ಬಿಚ್ಚಿಟ್ಟವರನ್ನು ಮಾತ್ರ ಅವರು ಕಂಡಿರಲಿಲ್ಲ. ಆಲ್ಕೋಹಾಲಿಕ್ಸ್ ಅನಾನಿಮಸ್, ನಾವು ಎಎ ಎನ್ನುವ ಕೂಟ, ಹುಟ್ಟಿದ್ದು ಆ ಮಾತುಕತೆಯಲ್ಲಿ. ಸಭೆ, ಕುಡಿತ ಬಿಟ್ಟಿರಲು ಅವರು ಅನುಸರಿಸುವ ಹನ್ನೆರಡು ಹೆಜ್ಜೆ, ಅವನ್ನು ವಿವರಿಸಿ 1939ರಲ್ಲಿ ಬಂದ ಪುಸ್ತಕ, ಎಲ್ಲ ಆಮೇಲಿನದು. ಮೊದಲಿಗೆ ಇದ್ದದ್ದು ಒಂದೇ ಊರಿನಲ್ಲಿ ಸಿಕ್ಕ ಇಬ್ಬರು.

ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಅದರ ಮುಂದಿನ ಭಾಗ. ಆ ರಾತ್ರಿಯೇ ಎಲ್ಲ ಸರಿಹೋಗಲಿಲ್ಲ. ಕೆಲವು ವಾರಗಳ ಬಳಿಕ ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದ ಡಾ. ಬಾಬ್ ದಾರಿಯಲ್ಲೇ ಕುಡಿಯಲು ಶುರುಮಾಡಿ, ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಊರಿಗೆ ಮರಳಿದರು. ಬಿಲ್ ಅವರನ್ನು ಬಿಟ್ಟುಹೋಗಲಿಲ್ಲ, ಜೊತೆಗೇ ಇದ್ದು ನೋಡಿಕೊಂಡ. ಜೂನ್ 10ರಂದು ಆಪರೇಷನ್ ಇತ್ತು, ಕೈ ನಡುಕ ನಿಲ್ಲಲಿ ಎಂದು ಅಂದು ಕುಡಿದ ಬಿಯರೇ ಡಾಕ್ಟರ ಕೊನೆಯ ಕುಡಿತ. 1950ರಲ್ಲಿ ತೀರಿಕೊಳ್ಳುವವರೆಗೆ ಅವರು ಮತ್ತೆ ಮುಟ್ಟಲಿಲ್ಲ. ಎಎಯವರು ತಮ್ಮ ಹುಟ್ಟುಹಬ್ಬವೆಂದು ಎಣಿಸುವುದು ಆ ಜೂನ್ 10ನ್ನು. ಜಾರಿ ಬಿದ್ದವನು ಎದ್ದ ದಿನವನ್ನೇ ಅವರು ಆರಿಸಿಕೊಂಡಿದ್ದಾರೆ.

ನಮ್ಮಲ್ಲಿ ಎಎ ಕೂಟಗಳು ದಶಕಗಳಿಂದ ನಡೆಯುತ್ತಿವೆ. ಬೆಂಗಳೂರಿನಲ್ಲಿ ವಾರದ ಬೇರೆ ಬೇರೆ ದಿನ ಬೇರೆ ಬೇರೆ ಬಡಾವಣೆಗಳಲ್ಲಿ, ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಹೊರಗಿನವರೂ ಹೋಗಬಹುದಾದ ತೆರೆದ ಸಭೆ, ಕುಡಿತದ ತೊಂದರೆ ಇರುವವರಿಗೆ ಮಾತ್ರ ಮುಚ್ಚಿದ ಸಭೆ ಎಂದು ಎರಡು ಬಗೆ. ತೆರೆದ ಸಭೆಯೊಂದರಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕೆಂಬುದು ಆ ಕೋಣೆಯ ನಿಯಮ, ಯಾರ ಕಥೆಯನ್ನೂ ಇಲ್ಲಿ ಬರೆಯಲಾರೆ. ಕೋಣೆಯನ್ನು ಮಾತ್ರ ಹೇಳುತ್ತೇನೆ. ಅದೊಂದು ಶಾಲೆಯ ತರಗತಿ. ಕಪ್ಪುಹಲಗೆಯಲ್ಲಿ ಮಧ್ಯಾಹ್ನದ ಭಿನ್ನರಾಶಿ ಲೆಕ್ಕ ಅಳಿಸದೆ ಉಳಿದಿತ್ತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಒಬ್ಬರು ಸೆಕ್ಯುರಿಟಿ ಕೆಲಸದ ಯೂನಿಫಾರಮ್ಮಿನಲ್ಲೇ ಬಂದಿದ್ದರು, ಇನ್ನೊಬ್ಬರ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಮೇಜಿನ ಮೇಲೆ ಸ್ಟೀಲ್ ಫ್ಲಾಸ್ಕಿನಲ್ಲಿ ಚಹ, ಕಾಗದದ ಲೋಟ, ಪಾರ್ಲೆ ಬಿಸ್ಕತ್ತು.

ಒಬ್ಬೊಬ್ಬರಾಗಿ ಎದ್ದು ತಮ್ಮ ಮೊದಲ ಹೆಸರು ಹೇಳಿ, 'ನಾನೊಬ್ಬ ಆಲ್ಕೋಹಾಲಿಕ್' ಎನ್ನುತ್ತಾರೆ. ಉಳಿದವರೆಲ್ಲ ಆ ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ. ಮಾತಾಡುವವರನ್ನು ಯಾರೂ ತಡೆಯುವುದಿಲ್ಲ, ತಿದ್ದುವುದಿಲ್ಲ, ಸಲಹೆ ಕೊಡುವುದಿಲ್ಲ. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೇಳಿಸಿಕೊಂಡು ಹೋಗಬಹುದು. ಒಬ್ಬರು ಒಂದು ಮಾತು ಹೇಳಿದಾಗ ಇಡೀ ಕೋಣೆ ನಕ್ಕಿತು, ಅದು ಬಾಟಲಿ ಬಚ್ಚಿಡುವ ಜಾಗದ ಮಾತು. ಆ ನಗು ಕೇಳಿ ನನ್ನ ಎದೆ ತುಂಬಿ ಬಂತು. ಮನೆಯಲ್ಲಿ ಹೇಳಿದರೆ ಜಗಳವಾಗುವ, ಊರಲ್ಲಿ ಹೇಳಿದರೆ ಮಾನ ಹೋಗುವ ಸಂಗತಿಗೆ ಅಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು.

ಕೊನೆಯಲ್ಲಿ ಒಂದು ಚೀಲ ಸುತ್ತಿ ಬಂತು, ಸದಸ್ಯರು ಹತ್ತಿಪ್ಪತ್ತು ರೂಪಾಯಿ ಹಾಕಿದರು. ಕೋಣೆಯ ಬಾಡಿಗೆ, ಚಹದ ಖರ್ಚು ಅದರಿಂದಲೇ ನಡೆಯಬೇಕು. ಹೊರಗಿನವರ ದೇಣಿಗೆಯನ್ನು ಎಎ ತೆಗೆದುಕೊಳ್ಳುವುದಿಲ್ಲ. ಸೇರಲು ಶುಲ್ಕವಿಲ್ಲ, ಅರ್ಜಿಯಿಲ್ಲ, ಜಾತಿ ಧರ್ಮ ಕೇಳುವುದಿಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದೇ ಅರ್ಹತೆ. ಹೊರಡುವ ಹೊತ್ತಿಗೆ ಹಳಬರೊಬ್ಬರು ಹೊಸದಾಗಿ ಬಂದ ಯುವಕನ ಕೈಯಲ್ಲಿ ಚೀಟಿಯೊಂದನ್ನು ಇಟ್ಟರು. ಅದರಲ್ಲಿ ಒಂದಷ್ಟು ಫೋನ್ ನಂಬರುಗಳಿದ್ದವು. 'ಕುಡಿದ ಮೇಲೆ ಫೋನ್ ಮಾಡಬೇಡಪ್ಪ, ಕುಡಿಯೋಕೆ ಮುಂಚೆ ಮಾಡು. ರಾತ್ರಿ ಎರಡಾದರೂ ಸರಿ' ಎಂದರು. ಇಡೀ ಸಭೆಯ ಸಾರ ಆ ಚೀಟಿಯಲ್ಲಿತ್ತು ಎಂದೇ ನನ್ನ ಎಣಿಕೆ.

ಎಎಯವರು ಹೊಸಬರಿಗೆ ನಾಲ್ಕು ಶತ್ರುಗಳನ್ನು ನೆನಪಿಟ್ಟುಕೊಳ್ಳಲು ಹೇಳುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಕೂಲಿ ಮುಗಿಸಿ ಬರುವವನಿಗೆ, ಆಫೀಸಿನಿಂದ ಟ್ರಾಫಿಕ್ಕಿನಲ್ಲಿ ಒದ್ದಾಡಿ ಬರುವವನಿಗೆ, ಈ ನಾಲ್ಕೂ ಒಟ್ಟಿಗೆ ಮುಗಿಬೀಳುವುದು ಸಂಜೆಯಲ್ಲೇ. ಊರಿನ ಬಾರುಗಳಿಗೆ ಇದು ಚೆನ್ನಾಗಿ ಗೊತ್ತು. ಕೂಲಿ ಬಟವಾಡೆಯ ದಿನ, ಬಸ್ ಸ್ಟ್ಯಾಂಡಿನ ಎದುರು, ಸಂಜೆಯ ಹೊತ್ತಿಗೆ ಅವು ಬಾಗಿಲು ತೆರೆದು ಕಾದಿರುತ್ತವೆ. ಅವುಗಳಿಗೆ ಎದುರು ನಿಲ್ಲಬೇಕಾದದ್ದೂ ಅಷ್ಟೇ ಹತ್ತಿರದಲ್ಲಿ, ಅದೇ ಹೊತ್ತಿಗೆ ಬಾಗಿಲು ತೆರೆದಿರಬೇಕು. ನೂರು ಕಿಲೋಮೀಟರ್ ದೂರದ ಎಷ್ಟೇ ಒಳ್ಳೆಯ ಕೇಂದ್ರವೂ ಮಂಗಳವಾರದ ಸಂಜೆ ಏಳು ಗಂಟೆಗೆ ನೆರವಿಗೆ ಬರಲಾರದು.

ಇಲ್ಲೇ ದೊಡ್ಡ ಅಡ್ಡಿ ಎದುರಾಗುವುದು. 'ನಮ್ಮೂರಲ್ಲೇ ಬೇಡ ಸಾರ್, ಯಾರಾದ್ರೂ ನೋಡಿಬಿಟ್ರೆ?' ಎಂಬ ಮಾತನ್ನು ಈ ಕೆಲಸದಲ್ಲಿರುವ ಪ್ರತಿಯೊಬ್ಬರೂ ಕೇಳಿರುತ್ತಾರೆ. ಚರಂಡಿಯ ಪಕ್ಕ ಬಿದ್ದದ್ದನ್ನು ಇಡೀ ಬೀದಿ ನೋಡಿದೆ, ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ತೂರಾಡಿದ್ದನ್ನು ನೋಡಿದೆ. ಆದರೂ ಕುಡಿತ ಬಿಡುವವರ ಸಭೆಗೆ ಹೋಗುವುದು ಕಂಡುಬಿಟ್ಟರೆ ಎಂಬ ಅಳುಕು. ಇದು ಬರಿಯ ಹುಸಿ ಭಯ ಎಂದು ನಾನು ತಳ್ಳಿಹಾಕಲಾರೆ. ಕುಡಿಯುವವನನ್ನು ಊರು ಸಹಿಸಿಕೊಳ್ಳುತ್ತದೆ. ಬಿಡಲು ಹೊರಟವನನ್ನು ಚುಚ್ಚುತ್ತದೆ, 'ಎಷ್ಟು ದಿನ ನೋಡೋಣ' ಎಂದು ಪಣ ಕಟ್ಟುತ್ತದೆ. ಹಳೆಯ ಗೆಳೆಯರು ಕರೆಯದೆ ಬಿಡುವುದಿಲ್ಲ. ಕೆಲಸ, ಮಕ್ಕಳ ಮದುವೆ ಮಾತುಕತೆ, ಎಲ್ಲಕ್ಕೂ ಇದು ತಾಗುತ್ತದೆ. ಅದಕ್ಕೇ ಜನ ಮೊದಲ ಸಲ ಪಕ್ಕದ ಊರಿನ ಸಭೆಗೆ ಹೋಗುತ್ತಾರೆ. ಹೋಗಲಿ, ಮೊದಲ ಹೆಜ್ಜೆ ಎಲ್ಲಿ ಸುಲಭವೋ ಅಲ್ಲೇ ಇಡಲಿ. ಅಳುಕು ಇಳಿದ ಮೇಲೆ ಮಾತ್ರ ಮನೆಗೆ ಹತ್ತಿರದ ಕೂಟಕ್ಕೇ ಬರಬೇಕು. ಮೂರು ದಿನ ಕಾಣಿಸದಿದ್ದರೆ ಮನೆ ಬಾಗಿಲಿಗೆ ಬಂದು ಕೂಗುವವರು ಸಿಗುವುದು ಅಲ್ಲಿ ಮಾತ್ರ. ಲಾಕ್‌ಡೌನಿನಿಂದೀಚೆಗೆ ಫೋನಿನ ಪರದೆಯಲ್ಲೂ ಸಭೆಗಳು ನಡೆಯುತ್ತಿವೆ. ಹಾಸಿಗೆ ಹಿಡಿದವರಿಗೆ, ಊರು ಬಿಟ್ಟು ದೂರ ದುಡಿಯುವವರಿಗೆ ಅದು ದೊಡ್ಡ ಆಸರೆ. ಬಾಗಿಲು ತಟ್ಟುವ ಕೈ ಮಾತ್ರ ಅದಕ್ಕಿಲ್ಲ.

ಹಳ್ಳಿಗಳಲ್ಲಿ ಈ ಕೆಲಸವನ್ನು ಇನ್ನೊಂದು ರೀತಿಯಲ್ಲಿ ಮಾಡಿ ತೋರಿಸಿದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಊರಿನವರೇ ಸಮಿತಿ ಕಟ್ಟಿಕೊಂಡು, ದೇವಸ್ಥಾನದ ಸಭಾಂಗಣವನ್ನೋ ಕಲ್ಯಾಣ ಮಂಟಪವನ್ನೋ ಹಿಡಿದು, ಸುಮಾರು ಎಂಟು ದಿನ ಶಿಬಿರಾರ್ಥಿಗಳನ್ನು ಅಲ್ಲೇ ಉಳಿಸಿಕೊಳ್ಳುತ್ತಾರೆ. ವ್ಯಾಯಾಮ, ಭಜನೆ, ಆಪ್ತಸಲಹೆ, ಆರೋಗ್ಯ ತಪಾಸಣೆ, ಒಂದು ದಿನ ಮನೆಯವರನ್ನೂ ಕರೆಸಿ ಮಾತುಕತೆ. ಶಿಬಿರ ಮುಗಿದ ಮೇಲೆ ಆ ಗುಂಪು ಚದುರಬಾರದೆಂದು ನವಜೀವನ ಸಮಿತಿ ಎಂಬುದನ್ನು ಕಟ್ಟುತ್ತಾರೆ. ಪಾನಮುಕ್ತರಾದವರು ಕಾಲಕಾಲಕ್ಕೆ ಸೇರುತ್ತಾರೆ, ಮುಂದಿನ ಶಿಬಿರಕ್ಕೆ ಅವರೇ ಸ್ವಯಂಸೇವಕರಾಗುತ್ತಾರೆ. ನನ್ನ ಮಟ್ಟಿಗೆ ಆ ಎಂಟು ದಿನಗಳಿಗಿಂತ ಈ ಸಮಿತಿಯೇ ದೊಡ್ಡದು. ಸಮಿತಿ ಗಟ್ಟಿಯಾಗಿ ನಡೆಯುವ ಊರಿನಲ್ಲಿ ಶಿಬಿರದ ಫಲ ಉಳಿಯುತ್ತದೆ. ಕೊನೆಯ ದಿನದ ಸನ್ಮಾನ, ಶಾಲು, ಫೋಟೋಗಳಿಗೇ ಮುಗಿದ ಕಡೆ ಮಾಲೆ ತೆಗೆದ ಮೇಲಿನ ಕಥೆಯೇ ಮರುಕಳಿಸುತ್ತದೆ.

ಕೂಟದಲ್ಲಿ ಕೂರುವುದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಉತ್ತರವಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಾಮರ್ಶೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಎಎ ಕೂಟಗಳಿಗೆ ಕ್ರಮವಾಗಿ ಕೈಹಿಡಿದು ಸೇರಿಸುವ ಚಿಕಿತ್ಸೆ ಪಡೆದವರಲ್ಲಿ, ಬೇರೆ ಹೆಸರಾಂತ ಮನೋಚಿಕಿತ್ಸೆಗಳಿಗೆ ಹೋಲಿಸಿದರೆ, ಸಂಪೂರ್ಣವಾಗಿ ಕುಡಿತ ಬಿಟ್ಟಿದ್ದವರ ಪ್ರಮಾಣ ಹೆಚ್ಚಿತ್ತು. ಆ ಅಧ್ಯಯನಗಳು ಬಹುಪಾಲು ಅಮೆರಿಕದವು, ನಮ್ಮ ಊರಿಗೆ ಹಾಗೆಯೇ ಅಳತೆಗೋಲಾಗಲಾರವು. ಆದರೆ ಇದು ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕಿದ ಸಂಶೋಧಕರಿಗೆ ಮುಖ್ಯವಾಗಿ ಸಿಕ್ಕ ಕಾರಣ ನಮ್ಮ ಹಿರಿಯರಿಗೂ ಗೊತ್ತಿದ್ದದ್ದೇ: ಸಹವಾಸ ಬದಲಾಗುತ್ತದೆ. ಕುಡಿಯುವ ಗೆಳೆಯರ ಜಾಗಕ್ಕೆ ಕುಡಿಯದ ಗೆಳೆಯರು ಬರುತ್ತಾರೆ.

ಹಾಗಿದ್ದೂ ಕೂಟದವರೆಗೆ, ಆಸ್ಪತ್ರೆಯವರೆಗೆ ತಲುಪುವವರೇ ಕಡಿಮೆ. ಏಮ್ಸ್ ತಜ್ಞರು ದೇಶದುದ್ದಕ್ಕೂ ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆ ಕುಡಿತದಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರು ಸುಮಾರು 5.7 ಕೋಟಿ ಎಂದು ಲೆಕ್ಕ ಕೊಟ್ಟಿತು. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಎಂದೂ ಹೇಳಿತು. ಉಳಿದ 37 ಜನ ಎಲ್ಲಿದ್ದಾರೆ? ನಮ್ಮ ಬೀದಿಯಲ್ಲೇ ಇದ್ದಾರೆ.

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಗಂಡಸು ಕುಡಿದರೆ ಚಟ ಎನ್ನುವ ಊರು ಹೆಂಗಸು ಕುಡಿದರೆ ನಡತೆಯ ಮಾತು ಎತ್ತುತ್ತದೆ. ತೋಟದ ಕೆಲಸ, ಕಟ್ಟಡದ ಕೆಲಸ ಮಾಡುವವರಲ್ಲಿ, ಒಳ್ಳೆಯ ನೌಕರಿಯಲ್ಲಿರುವವರಲ್ಲಿ, ಮನೆಯೊಳಗೇ ಇರುವವರಲ್ಲಿ ಈ ತೊಂದರೆ ಇರುವ ಮಹಿಳೆಯರಿದ್ದಾರೆ. ಇಪ್ಪತ್ತು ಗಂಡಸರ ನಡುವೆ ಒಬ್ಬಳೇ ಕೂತು ತನ್ನ ಕಥೆ ಹೇಳು ಎಂದರೆ ಹೇಗೆ ಹೇಳಿಯಾಳು? ಮಹಿಳೆಯರಿಗೇ ಮೀಸಲಾದ ಸಭೆಗಳು ದೊಡ್ಡ ನಗರಗಳಲ್ಲಿವೆ. ಜಿಲ್ಲಾ ಕೇಂದ್ರಗಳಲ್ಲೂ ಆಗಬೇಕು, ಬೇಗ ಆಗಬೇಕು.

ಕುಡಿಯುವವರ ಹೆಂಡತಿ, ತಾಯಿ, ಮಕ್ಕಳಿಗೂ ಒಂದು ಕೂಟವಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಹೆಸರು ಅಲ್-ಅನಾನ್, ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಇತರರೊಂದಿಗೆ 1951ರಲ್ಲಿ ಕಟ್ಟಿದ್ದು. ಅಲ್ಲಿ ಮೊದಲು ಹೇಳಿಕೊಡುವ ಪಾಠವನ್ನು ಪ್ರತಿ ಮನೆಗೂ ತಲುಪಿಸಬೇಕು ಅನಿಸುತ್ತದೆ. ಅವರ ಕುಡಿತಕ್ಕೆ ನೀವು ಕಾರಣರಲ್ಲ, ಅದನ್ನು ಹಿಡಿತದಲ್ಲಿಡುವುದು ನಿಮ್ಮ ಕೈಯಲ್ಲಿಲ್ಲ, ಗುಣಪಡಿಸುವುದೂ ನಿಮ್ಮಿಂದಾಗದು. 'ನೀನು ಸರಿಯಾಗಿದ್ದಿದ್ದರೆ ಅವನು ಯಾಕೆ ಕುಡೀತಿದ್ದ' ಎಂದು ಅತ್ತೆಯಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರೂ ಅಂದದ್ದನ್ನು ಕೇಳಿ ಕೇಳಿ ಬೆಂದ ಹೆಣ್ಣುಮಗಳಿಗೆ ಈ ಮಾತು ಎಷ್ಟು ಭಾರ ಇಳಿಸುತ್ತದೆ ಎಂದು ಅವಳಿಗೇ ಗೊತ್ತು. ಗಂಡ ಬಿಡಲು ಒಪ್ಪದಿದ್ದರೂ ಅವಳು ತನ್ನ ಪಾಲಿನ ಸಭೆಗೆ ಹೋಗಬಹುದು. ಅವನಿಗಾಗಿ ಕಾಯಬೇಕಿಲ್ಲ.

ಹುಡುಕುವುದು ಎಲ್ಲಿಂದ? 14416, ಟೆಲಿ-ಮನಸ್. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಮಾನಸಿಕ ಆರೋಗ್ಯದ ಉಚಿತ ದೂರವಾಣಿ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ. ವ್ಯಸನಕ್ಕೇ ಮೀಸಲಾದ ರಾಷ್ಟ್ರೀಯ ಸಹಾಯವಾಣಿ 14446. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಕೇಳಿ. ಬೆಂಗಳೂರಿನ ಸುತ್ತಿನವರಿಗೆ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಚರ್ಚುಗಳಲ್ಲಿ ವಿಚಾರಿಸಿದರೆ ಎಎ ಸಭೆಯ ಸುಳಿವು ಸಿಗುವುದುಂಟು, ಏಕೆಂದರೆ ಕೋಣೆ ಕೊಡುವವರಲ್ಲಿ ಅವರೂ ಇದ್ದಾರೆ. ಕೋಣೆ ಚರ್ಚಿನದಾದರೂ ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ದೇವರನ್ನು ನಿಮಗೆ ತಿಳಿದ ಹಾಗೆ ತಿಳಿದುಕೊಳ್ಳಿ ಎಂದಷ್ಟೇ ಅವರು ಹೇಳುವುದು. ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆಯನ್ನು, ಧರ್ಮಸ್ಥಳ ಯೋಜನೆಯವರನ್ನು ಕೇಳಬಹುದು. ಎಲ್ಲಕ್ಕಿಂತ ಖಚಿತವಾದ ದಾರಿ, ನಿಮ್ಮೂರಿನಲ್ಲಿ ಒಂದು ಕಾಲದಲ್ಲಿ ಕುಡಿದು ಈಗ ಬಿಟ್ಟಿರುವವರನ್ನು ನೇರವಾಗಿ ಹೋಗಿ ಕೇಳುವುದು. ಪ್ರತಿ ಊರಿನಲ್ಲೂ ಅಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬಹುಪಾಲು ಅವರು ಆ ಪ್ರಶ್ನೆಗಾಗಿ ಕಾದೇ ಇರುತ್ತಾರೆ.

ಹೋದ ಕಡೆ ಸ್ವಲ್ಪ ಕಣ್ಣು ತೆರೆದಿರಿ. ಖಂಡಿತ ಬಿಡಿಸುತ್ತೇವೆ ಎಂದು ಗ್ಯಾರಂಟಿ ಕೊಡುವವರನ್ನು, ಮುಂಗಡ ಹಣ ಕೇಳುವವರನ್ನು, ಕೂಡಿಹಾಕಿ ಹೊಡೆಯುವವರನ್ನು ಬಿಟ್ಟು ಬನ್ನಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ವ್ಯಸನದ ತೊಂದರೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ, ಸರಪಳಿ ಹಾಕುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸು ಎನ್ನುವ ಕೂಟವೂ ಬೇಡ. ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳಿವೆ. ಔಷಧವೂ ಕೂಟವೂ ಒಟ್ಟಿಗೆ ನಡೆಯಬಹುದು. ಮೊದಲ ಸಭೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದು ಸಭೆಯ ಜನ ಇನ್ನೊಂದರಂತಿರುವುದಿಲ್ಲ, ಭಾಷೆ ಬೇರೆ, ವಯಸ್ಸು ಬೇರೆ. ಐದಾರು ಸಭೆ ಕೂರದೆ ತೀರ್ಮಾನಕ್ಕೆ ಬರಬೇಡಿ. ನಡುವೆ ಒಮ್ಮೆ ಕುಡಿದುಬಿಟ್ಟರೆ ಮುಖ ತಪ್ಪಿಸಿಕೊಳ್ಳದೆ ಮರುದಿನದ ಸಭೆಗೇ ಹೋಗಿ. ಆ ಕೋಣೆಯಲ್ಲಿರುವ ಎಷ್ಟೋ ಜನ ಹಾಗೆಯೇ ಮರಳಿ ಬಂದವರು.

ನಮ್ಮ ಊರಲ್ಲಿ ಯಾವ ಕೂಟವೂ ಇಲ್ಲವಲ್ಲ ಎನ್ನುವವರು ಎಷ್ಟೋ ತಾಲ್ಲೂಕುಗಳಲ್ಲಿದ್ದಾರೆ. ಕುಡಿತ ಬಿಟ್ಟಿರಲು ಇಬ್ಬರೋ ಮೂವರೋ ಒಟ್ಟಿಗೆ ಕೂತರೆ ಸಾಕು, ಅದನ್ನೇ ಒಂದು ಎಎ ಗುಂಪು ಎಂದು ಕರೆದುಕೊಳ್ಳಬಹುದು ಎಂಬುದು ಅವರ ಸಂಪ್ರದಾಯ. ಇಬ್ಬರು ಸಿಕ್ಕಿದರೆ ಉಳಿಯುವುದು ಕೋಣೆಯ ಪ್ರಶ್ನೆ. ಇಲ್ಲಿ ಕುಡಿಯದವರ ಕೆಲಸ ಶುರುವಾಗುತ್ತದೆ. ಮುಖ್ಯ ಶಿಕ್ಷಕರು, ಗ್ರಂಥಪಾಲಕರು, ಸಮುದಾಯ ಭವನದ ಕೀಲಿಕೈ ಇಟ್ಟುಕೊಂಡವರು, ದೇವಸ್ಥಾನ, ಮಸೀದಿ, ಚರ್ಚಿನ ಆಡಳಿತದವರು ವಾರಕ್ಕೆ ಎರಡು ಸಂಜೆ ಒಂದೂವರೆ ಗಂಟೆ ಒಂದು ಕೋಣೆ ಬಿಟ್ಟುಕೊಡಲಿ. ಒಳಗೆ ಯಾರು ಬಂದರು ಎಂದು ಇಣುಕದಿರಲಿ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿ ಕೊಡುವ ಕಿಟಕಿಯ ಪಕ್ಕ, ಬಸ್ ನಿಲ್ದಾಣದ ವೇಳಾಪಟ್ಟಿಯ ಕೆಳಗೆ, ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ದಿನ, ಹೊತ್ತು, ಜಾಗ ಬರೆದ ಒಂದು ಹಾಳೆ ಅಂಟಿಸಲಿ. ಒಂದು ಫೋನ್ ನಂಬರೂ ಇರಲಿ, ಕರೆ ಎತ್ತುವವರು ತಾವೇ ಒಂದು ಕಾಲದಲ್ಲಿ ಕುಡಿದವರಾಗಿರಲಿ.